ಕರೆ, ಖರೆ ಮತ್ತು ಇಂಗ್ಲಿಷಿನ ಉಸಿರು

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಹೊತ್ತು ನಾನು ಮಾತಾಡುವ ಇಂಗ್ಲಿಷ್ ಕಲಿಸುತ್ತೇನೆ. ಬರುವವರಲ್ಲಿ ಹೆಚ್ಚಿನವರು ಗದಗ, ರೋಣ, ಹಾವೇರಿ, ಶಿಗ್ಗಾವಿ ಕಡೆಯ ಹುಡುಗ ಹುಡುಗಿಯರು. ಪರೀಕ್ಷೆ, ಇಂಟರ್‌ವ್ಯೂ ಅಂತ ಇಲ್ಲಿ ರೂಮ್ ಮಾಡಿಕೊಂಡಿರುತ್ತಾರೆ. ವ್ಯಾಕರಣ ಗಟ್ಟಿ ಇರುತ್ತದೆ, ಪದಗಳೂ ಬೇಕಾದಷ್ಟು ಗೊತ್ತಿರುತ್ತವೆ. ಆದರೂ ಫೋನಿನಲ್ಲಿ ಹೊರದೇಶದವರು ‘ಸಾರಿ?’ ‘ಸಾರಿ?’ ಅಂತ ಮತ್ತೆ ಮತ್ತೆ ಕೇಳುತ್ತಾರೆ. ಹೋದ ವರ್ಷ ಒಬ್ಬ ಹುಡುಗ ಮುಖ ಸಣ್ಣದು ಮಾಡಿಕೊಂಡು ಬಂದ. ಅವನ ಅಡ್ಡಹೆಸರು ಪಾಟೀಲ.

“ಮೇಡಂರೀ, ನಾ ಪಾಟೀಲ ಅಂತ ನಾಕ್ ಸಲ ಹೇಳೀನ್ರಿ. ಅವ್ರು ಬಿ ಹಚ್ಚಿ ಬಾಟೀಲ ಅಂತನ ಬರಕೊಂಡಾರ್ರಿ” ಅಂದ.

ಇದು ನನಗೂ ಆಗಿದ್ದೇ. ಓದು ಮುಗಿಸಿ ಬೆಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದ್ದೆ. ಅಮೆರಿಕದ ಒಬ್ಬ ಹೆಂಗಸಿಗೆ ಅವರ ದೂರಿನ ನಂಬರ್ ಹೇಳಬೇಕಿತ್ತು. ಅದರಲ್ಲಿ ಒಂದು ಪಿ, ಒಂದು ಟಿ ಇದ್ದವು. ಅವರು ಬಿ, ಡಿ ಅಂತ ಬರೆದುಕೊಂಡರು. ಮರುದಿನ ಆ ನಂಬರಿಗೆ ಏನೂ ಸಿಗದೆ ಸಿಟ್ಟಿನಿಂದ ಮತ್ತೆ ಫೋನ್ ಮಾಡಿದರು. ನಾನು ಪಿ ಅಂತಲೇ ಹೇಳಿದ್ದೆ, ಅವರಿಗೆ ಬಿ ಅಂತಲೇ ಕೇಳಿಸಿತ್ತು. ಇಬ್ಬರದೂ ಖರೆ. ಅದು ಹೇಗೆ ಅಂತ ತಿಳಿಯಲು ನನಗೆ ಭಾಳ ದಿನ ಹಿಡಿಯಿತು.

ಆ ಹುಡುಗನಿಗೆ ಮೂರು ವಾರ ಕಲಿಸಿದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಮನೆಯಲ್ಲಿ ನೀವೇ ಮಾಡಿಕೊಳ್ಳಬಹುದು. ಒಂದು ಫೋನು, ಒಂದು ತೆಳ್ಳಗಿನ ಕಾಗದದ ಚೂರು, ದಿನಕ್ಕೆ ಹದಿನೈದು ನಿಮಿಷ ಇದ್ದರೆ ಸಾಕು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾವು ಆಡುವ ಇಂಗ್ಲಿಷ್ ಕೀಳು ಅಂತ ಯಾರೂ ತಿಳಿಯಬೇಡಿ. ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಅದು ಎಲ್ಲರಿಗೂ ತಿಳಿಯುತ್ತದೆ. ಇಂಗ್ಲಿಷ್ ಮನೆಮಾತಾಗಿರುವವರ ಜೊತೆ ಮಾತಾಡುವಾಗ ಮಾತ್ರ ಕೆಲವು ಕಡೆ ಎಡವುತ್ತೇವೆ. ಆ ಜಾಗಗಳು ತುಂಬಾ ಇಲ್ಲ.

ಕಿವಿ ಎಲ್ಲಿ ಬೇರೆಯಾಗುತ್ತದೆ

ನಮ್ಮ ಅಕ್ಷರಮಾಲೆಯ ಒಂದು ಸಾಲು ತೆಗೆದುಕೊಳ್ಳಿ: ಪ ಫ ಬ ಭ ಮ. ಮೂಗಿನ ಮ ಬಿಟ್ಟರೆ ನಾಲ್ಕು ಉಳಿಯುತ್ತವೆ. ಈ ನಾಲ್ಕನ್ನು ಬೇರೆ ಮಾಡುವುದು ಎರಡೇ ಪ್ರಶ್ನೆ. ಗಂಟಲಲ್ಲಿ ದನಿ ಇದೆಯೇ? ಜೋರಾಗಿ ಉಸಿರು ಬರುತ್ತದೆಯೇ? ವ್ಯಾಕರಣದ ಮೇಷ್ಟ್ರು ಘೋಷ ಅಘೋಷ, ಅಲ್ಪಪ್ರಾಣ ಮಹಾಪ್ರಾಣ ಅಂತ ಹೇಳಿಕೊಟ್ಟಿದ್ದು ಇದನ್ನೇ. ಇಷ್ಟು ಅಚ್ಚುಕಟ್ಟಾಗಿ ಜೋಡಿಸಿದ ಅಕ್ಷರಮಾಲೆ ಕೈಯಲ್ಲಿರುವುದು ನಮ್ಮ ಪುಣ್ಯ. ಇಂಗ್ಲಿಷ್ ಅಕ್ಷರಗಳಲ್ಲಿ ಈ ವ್ಯವಸ್ಥೆಯೇ ಇಲ್ಲ.

ಇಂಗ್ಲಿಷಿನಲ್ಲಿ ನಾಲ್ಕರ ಜಾಗಕ್ಕೆ ಎರಡೇ ಇವೆ, ಪಿ ಮತ್ತು ಬಿ. ಸಾಲಿಯಲ್ಲಿ ನಮಗೆ ಪಿ ಅಂದರೆ ಪ, ಬಿ ಅಂದರೆ ಬ ಅಂತ ಕಲಿಸಿದರು. ಬರೆಯಲು ಅದು ಸಾಕು, ಕೇಳಲು ಸಾಲದು. ನಾವು ಬ ಅನ್ನುವಾಗ ತುಟಿ ತೆರೆಯುವ ಮೊದಲೇ ಗಂಟಲು ಗುಂಯ್ ಅನ್ನಲು ಶುರುಮಾಡಿರುತ್ತದೆ. ಅವರು ಪದದ ಆರಂಭದಲ್ಲಿ ಬಿ ಅನ್ನುವಾಗ ಎಷ್ಟೋ ಸಲ ತುಟಿ ತೆರೆದ ಮೇಲೆಯೇ ದನಿ ಏಳುತ್ತದೆ. ಅಂದರೆ ಅವರ ಬಿ ನಮ್ಮ ಪ ಕ್ಕೆ ತೀರಾ ಹತ್ತಿರ. ಹಾಗಾದರೆ ಅವರ ಪಿ ಬೇರೆ ಅಂತ ಗೊತ್ತಾಗುವುದು ಹೇಗೆ? ಉಸಿರಿನಿಂದ. ತುಟಿ ತೆರೆದ ಮೇಲೆ ಒಂದು ಚಿಕ್ಕ ಗಾಳಿ ಬರುತ್ತದೆ, ಆಮೇಲೆ ಸ್ವರ ಶುರುವಾಗುತ್ತದೆ.

ಈ ಚಿಕ್ಕ ಹೊತ್ತನ್ನು ಅಳೆದಿದ್ದಾರೆ. ಲೀ ಲಿಸ್ಕರ್ ಮತ್ತು ಆರ್ಥರ್ ಅಬ್ರಾಮ್ಸನ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು 1964ರಲ್ಲಿ ಹನ್ನೊಂದು ಭಾಷೆಗಳ ಅಳತೆ ಪ್ರಕಟಿಸಿದರು. ಅದರಲ್ಲಿ ಹಿಂದಿ, ಮರಾಠಿ, ತಮಿಳೂ ಇದ್ದವು. ಇಂಗ್ಲಿಷಿನಲ್ಲಿ ಪಿ ಬಿಟ್ಟ ಮೇಲೆ ದನಿ ಏಳಲು ಸರಾಸರಿ 58 ಮಿಲಿಸೆಕೆಂಡ್ ಬೇಕಾಯಿತು. ಟಿ ಗೆ 70, ಕೆ ಗೆ 80. ಬಿ ಗೆ ಬರೀ 1. ಒಂದು ಸೆಕೆಂಡಿನ ಸಾವಿರ ಭಾಗದಲ್ಲಿ ಐವತ್ತು ಅರವತ್ತು ಭಾಗ, ಅಷ್ಟೇ. ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ. ಆದರೆ ಪಾಟೀಲ ಬಾಟೀಲ ಆಗುವುದು ಆ ಸಂದಿನಲ್ಲೇ.

ಮೊದಲ ಹೆಜ್ಜೆ: ಕಾಗದ ಅಲುಗಾಡಲಿ

ಆ ಉಸಿರನ್ನು ಎಲ್ಲಿಂದಲೋ ತರಬೇಕಾಗಿಲ್ಲ. ನಮ್ಮ ಕಡೆ ದಿನಕ್ಕೆ ಹತ್ತು ಸಲ ಆಡುವ ಒಂದು ಮಾತಿದೆ: ಖರೆ. ಬೆರಳಗಲದ ತೆಳ್ಳನೆಯ ಕಾಗದದ ಚೂರು ಹರಿದುಕೊಳ್ಳಿ. ಬಸ್ ಟಿಕೆಟ್ ಆದರೂ ನಡೆಯುತ್ತದೆ. ತುಟಿಯಿಂದ ಎರಡು ಬೆರಳು ದೂರ ತೂಗಿ ಹಿಡಿಯಿರಿ. ಈಗ ‘ಕರೆ’ ಅನ್ನಿ. ಫೋನ್ ಕರೆಯ ಕರೆ. ಕಾಗದ ಅಲ್ಲಾಡುವುದಿಲ್ಲ, ಅಲ್ಲಾಡಿದರೂ ತುಸುವೇ. ಈಗ ಯಾರೋ ನಂಬಲಾರದ ಸುದ್ದಿ ಹೇಳಿದಾಗ ಕೇಳುತ್ತೀರಲ್ಲ, ಹಾಗೆ ‘ಖರೇನ?’ ಅನ್ನಿ. ಕಾಗದ ಹಾರುತ್ತದೆ. ಹಾರಲಿಲ್ಲ ಅಂದರೆ ನೀವು ಖ ವನ್ನು ಕ ಮಾಡಿ ಆಡುತ್ತಿದ್ದೀರಿ. ಅವಸರದ ಮಾತಿನಲ್ಲಿ ಎಲ್ಲರೂ ಹಾಗೆ ಮಾಡುತ್ತೇವೆ, ಧಾರವಾಡವನ್ನು ದಾರವಾಡ ಅನ್ನುತ್ತೇವೆ. ಖಾನಾವಳಿ, ಖಾರ, ಖುರ್ಚಿ ಅಂತ ನಿಧಾನಕ್ಕೆ ಹೇಳಿ, ಉಸಿರು ತಾನಾಗಿ ಬರುತ್ತದೆ.

ಆ ಖ ದ ಉಸಿರನ್ನು ಹಾಗೇ ಎತ್ತಿಕೊಂಡು ಇಂಗ್ಲಿಷಿನ ಕೆ ಸದ್ದಿಗೆ ಇಡಿ. ಕೋಟ್, ಕಾರ್, ಕೋಲ್ಡ್. ಉಸಿರು ಬೇಕಾದ ಕಡೆ ಇನ್ನು ಮುಂದೆ ಹ ಒತ್ತು ಕೊಟ್ಟು ಬರೆಯುತ್ತೇನೆ: ಕ್ಹೋಟ್, ಕ್ಹಾರ್, ಕ್ಹೋಲ್ಡ್. ಇದು ಬಂದರೆ ಕೋಟ್ ಅಂದಾಗ ಅವರಿಗೆ ಮೇಕೆಯ ಗೋಟ್ ಕೇಳಿಸುವುದಿಲ್ಲ. ಕೋಲ್ಡ್ ಅಂದಾಗ ಗೋಲ್ಡ್ ಕೇಳಿಸುವುದಿಲ್ಲ.

ಟ ಕ್ಕೂ ಇದೇ ದಾರಿ. ಠರಾವು, ಠಾಣೆ ಅಂತ ಹೇಳಿ ಉಸಿರು ಹಿಡಿದುಕೊಳ್ಳಿ. ಆಮೇಲೆ ಟ್ಹೆನ್, ಟ್ಹೌನ್, ಟ್ಹೀ. ಇಲ್ಲಿ ನಾಲಗೆಯ ಜಾಗ ಒಂಚೂರು ಬೇರೆ. ನಮ್ಮ ಟ ಕ್ಕೆ ನಾಲಗೆ ತುದಿ ಹಿಂದೆ ಮಡಚುತ್ತದೆ, ತ ಕ್ಕೆ ಹಲ್ಲು ಮುಟ್ಟುತ್ತದೆ. ಅವರದು ಎರಡರ ನಡುವೆ, ಮೇಲಿನ ಹಲ್ಲಿನ ಹಿಂದಿರುವ ಉಬ್ಬಿನ ಮೇಲೆ. ಅಲ್ಲಿಟ್ಟರೆ ಚಲೋ. ಇಡಲು ಬರಲಿಲ್ಲ ಅಂದರೆ ಚಿಂತೆ ಬೇಡ, ಉಸಿರು ಇದ್ದರೆ ಮಾತು ತಿಳಿಯುತ್ತದೆ.

ಪ ಮಾತ್ರ ತುಸು ಕಷ್ಟ. ಫ ಬರೆದರೆ ಈಗ ನಾವೆಲ್ಲ ಫೋನು, ಫ್ಯಾನು ಅಂತ ಹಲ್ಲು ತುಟಿಗೆ ತಾಗಿಸಿ ಓದುತ್ತೇವೆ. ‘ಫಲ’ದ ಹಳೆಯ ಫ ದಲ್ಲಿ ಎರಡೂ ತುಟಿ ಪೂರ್ತಿ ಮುಚ್ಚುತ್ತವೆ. ನಮಗೆ ಬೇಕಾಗಿರುವುದು ಅದು. ಪಿನ್ನಿಗೆ ಉಸಿರು ಹಾಕಿ ಅಂದಾಗ ಕ್ಲಾಸಿನಲ್ಲಿ ಅರ್ಧ ಜನ ಫಿನ್ ಅನ್ನುತ್ತಾರೆ, ಅದು ಮೀನಿನ ರೆಕ್ಕೆ. ಹಾಗಾಗಿ ಹೀಗೆ ಮಾಡಿ. ತುಟಿ ಎರಡನ್ನೂ ಒತ್ತಿ ಮುಚ್ಚಿ. ಒಳಗೆ ಗಾಳಿ ತುಂಬಿಕೊಳ್ಳಲಿ. ದನಿ ಇಲ್ಲದೆ ‘ಪ್ಹ’ ಅಂತ ಬಿಡಿ, ದೇವರ ದೀಪ ಆರದಂತೆ ಮೆಲ್ಲಗೆ ಊದಿದ ಹಾಗೆ. ಕಾಗದ ಹಾರಿತೇ? ಅದರ ಬೆನ್ನಿಗೇ ಸ್ವರ ಹಚ್ಚಿ. ಪ್ಹಿನ್. ಪ್ಹೆನ್. ಪ್ಹಿಲ್. ಔಷಧಿ ಅಂಗಡಿಯ ಪಿಲ್ ಬೇರೆ, ಬಿಲ್ ಬೇರೆ.

ಪ, ಟ, ಕ ಮೂರಕ್ಕೂ ದಿನಕ್ಕೆ ಐದೈದು ಪದ, ಕಾಗದ ಹಿಡಿದೇ ಹೇಳಿ. ಒಂದು ವಾರ ಇಷ್ಟೇ ಸಾಕು. ಬ, ಡ, ಗ ಹೇಗಿವೆಯೋ ಹಾಗೆ ಇರಲಿ. ನಮ್ಮ ಬ ಅವರಿಗೆ ಬಿ ಅಂತಲೇ ಕೇಳಿಸುತ್ತದೆ, ಅದನ್ನು ಮುಟ್ಟಬೇಡಿ.

ಎರಡನೇ ಹೆಜ್ಜೆ: ಎಸ್ ಮುಂದೆ ಇದ್ದರೆ ಉಸಿರು ಬೇಡ

ಉಸಿರು ಕಲಿತ ಹುಮ್ಮಸ್ಸಿನಲ್ಲಿ ಎಲ್ಲ ಕಡೆ ಊದಲು ಶುರುಮಾಡುತ್ತಾರೆ. ಸ್ಕ್ಹೂಲ್, ಸ್ಟ್ಹೇಷನ್. ಅದು ತಪ್ಪು. ಮುಂದೆ ಸ್ ಬಂದರೆ ಇಂಗ್ಲಿಷಿನವರೂ ಉಸಿರು ಬಿಡುವುದಿಲ್ಲ. ಸ್ಕೂಲ್, ಸ್ಟೇಷನ್, ಸ್ಪೂನ್, ಸ್ಟಾಪ್ ಇವೆಲ್ಲ ನಮ್ಮ ಕ, ಟ, ಪ ಗಳೇ. ಇಲ್ಲಿ ನಾವು ಹುಟ್ಟಿನಿಂದಲೇ ಸರಿ. ‘ಇಸ್ಕೂಲ್’ ಅಂತ ಮುಂದೊಂದು ಇ ಹಚ್ಚದಿದ್ದರೆ ಆಯಿತು.

ಒಂದು ಪ್ರಯೋಗ ಹೇಳುತ್ತೇನೆ, ದಯವಿಟ್ಟು ಮಾಡಿ ನೋಡಿ. ಇಂಗ್ಲಿಷ್ ಮನೆಮಾತಿನ ಯಾರಾದರೂ ‘ಸ್ಪಿನ್’ ಅನ್ನುವ ರೆಕಾರ್ಡಿಂಗ್ ಹುಡುಕಿ. ಆನ್‌ಲೈನ್ ನಿಘಂಟುಗಳಲ್ಲಿ ಪುಕ್ಕಟೆ ಕೇಳಲು ಸಿಗುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಆಡಿಯೋ ಕತ್ತರಿಸುವ ಯಾವುದೇ ಆ್ಯಪಿನಲ್ಲಿ ಮುಂದಿನ ‘ಸ್’ ಅಷ್ಟನ್ನೇ ಕತ್ತರಿಸಿ. ಉಳಿದ ತುಂಡನ್ನು ಕೇಳಿ. ನಿಮ್ಮ ಕಿವಿಗೆ ಸ್ಪಷ್ಟವಾಗಿ ‘ಪಿನ್’. ಅದೇ ತುಂಡನ್ನು ಇಂಗ್ಲಿಷ್ ಮನೆಮಾತಿನವರಿಗೆ ಕೇಳಿಸಿದರೆ ಅವರಿಗೆ ‘ಬಿನ್’. ಸದ್ದು ಒಂದೇ, ಕಿವಿ ಎರಡು. ಕಾಲ್ ಸೆಂಟರಿನಲ್ಲಿ ನನಗೂ ಆ ಅಮ್ಮನಿಗೂ ನಡುವೆ ಆಗಿದ್ದು ಇದೇ. ಇದನ್ನು ಮೊದಲ ಸಲ ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿಯಾಗಿತ್ತು.

ಕಂಪ್ಯೂಟರ್ ಇರುವವರು ಪ್ರಾಟ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ, ಡೇವಿಡ್ ವೇನಿಂಕ್ ಬರೆದದ್ದು. ಅದಕ್ಕೂ ದುಡ್ಡಿಲ್ಲ. ನಿಮ್ಮ ಪಿನ್ ಮತ್ತು ಅವರ ಪಿನ್ ಎರಡನ್ನೂ ತೆರೆದು ದೊಡ್ಡದು ಮಾಡಿ ನೋಡಿದರೆ ಉಸಿರಿನ ಆ ಸಂದು ಕಣ್ಣಿಗೇ ಕಾಣುತ್ತದೆ.

ಮೂರನೇ ಹೆಜ್ಜೆ: ಪದದ ನಡುವೆ ಎಲ್ಲಿ

ಪದದ ಶುರುವಿನಲ್ಲಷ್ಟೇ ಅಲ್ಲ, ನಡುವೆಯೂ ಉಸಿರು ಬರುತ್ತದೆ. ಎಲ್ಲಿ ಅಂದರೆ ಒತ್ತಿ ಹೇಳುವ ಕಡೆ. ‘ಪೇಪರ್’ನಲ್ಲಿ ಮೊದಲ ಪ ಕ್ಕೆ ಇದೆ, ಎರಡನೆಯದಕ್ಕೆ ಇಲ್ಲ: ಪ್ಹೇಪರ್. ನಾವು ಸಾಮಾನ್ಯವಾಗಿ ಎಲ್ಲ ಪದವನ್ನೂ ಮೊದಲ ಅಕ್ಷರದಲ್ಲೇ ಒತ್ತುತ್ತೇವೆ. ಇಂಗ್ಲಿಷಿನಲ್ಲಿ ಒತ್ತು ತಿರುಗಾಡುತ್ತದೆ. ಅಕೌಂಟ್ ಅನ್ನುವುದು ಅ-ಕ್ಹೌಂಟ್. ರಿಪೋರ್ಟ್ ರಿ-ಪ್ಹೋರ್ಟ್. ಹೋಟೆಲ್ ಹೋ-ಟ್ಹೆಲ್. ಕಂಪ್ಯೂಟರಿನಲ್ಲಿ ಪ್ಯೂ ಮೇಲೆ ಜೋರು. ಡಿಪಾರ್ಟ್‌ಮೆಂಟಿನಲ್ಲಿ ಪಾ ಮೇಲೆ. ನೀವು ಕೆಲಸದಲ್ಲಿ ದಿನಾ ಬಳಸುವ ಇಪ್ಪತ್ತು ಪದ ಬರೆದುಕೊಂಡು, ನಿಘಂಟಿನಲ್ಲಿ ಒತ್ತು ಎಲ್ಲಿದೆ ಅಂತ ಕೇಳಿ ಗುರುತು ಹಾಕಿ. ಇಪ್ಪತ್ತು ಸಾಕು.

ಪ ದ ಬೆನ್ನಿಗೆ ಲ, ರ ಬಂದರೆ ಆ ಉಸಿರು ಅವುಗಳ ಮೇಲೆ ಹರಿಯುತ್ತದೆ. ಪ್ಲಾಟ್‌ಫಾರ್ಮ್ ಅನ್ನುವಾಗ ಲ ಅರ್ಧ ಪಿಸುಮಾತಿನಂತೆ ಇರುತ್ತದೆ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು ಅಂತ ಹೊರಗಿನವರಿಗೆ ಹೆಮ್ಮೆಯಿಂದ ಹೇಳುತ್ತೇವಲ್ಲ, ಆಗ ಇದನ್ನು ಅಭ್ಯಾಸ ಮಾಡಿ.

ಉಸಿರೇ ಬೇಡದ ಕಡೆ ನಾವು ಹಾಕುವುದೂ ಉಂಟು. ಸ್ಪೆಲ್ಲಿಂಗಿನಲ್ಲಿ ಎಚ್ ಕಂಡ ಕೂಡಲೇ ಮಹಾಪ್ರಾಣ ಹಚ್ಚುತ್ತೇವೆ. ‘ಘೋಸ್ಟ್’ ಅಲ್ಲ, ಗೋಸ್ಟ್. ‘ವ್ಹಾಟ್’, ‘ವ್ಹಾಯ್’ ಅನ್ನುವುದು ನಮ್ಮ ಕಡೆ ಜಾಸ್ತಿ. ಸುಮ್ನೆ ವಾಟ್, ವಾಯ್ ಸಾಕು. ಘ, ಢ, ಧ, ಭ ಇವು ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ.

ನಾಲ್ಕನೇ ಹೆಜ್ಜೆ: ಪದದ ಕೊನೆ

ನನ್ನ ಅನುಭವದಲ್ಲಿ ಹೆಚ್ಚು ಜನ ಸೋಲುವುದು ಇಲ್ಲಿ. ಇದಕ್ಕೆ ಜಾಸ್ತಿ ದಿನ ಕೊಡಿ.

ಕನ್ನಡದ ಮಾತು ಸ್ವರದಲ್ಲಿ ಮುಗಿಯುತ್ತದೆ. ಹಾಗಾಗಿ ಇಂಗ್ಲಿಷ್ ಪದ ಬಂದರೆ ನಾವು ಕೊನೆಗೆ ಉ ಹಚ್ಚಿ ಮನೆಯೊಳಗೆ ಕರೆದುಕೊಳ್ಳುತ್ತೇವೆ. ಬಸ್ಸು, ಬ್ಯಾಗು, ಕಪ್ಪು, ಕಾರ್ಡು. ಕನ್ನಡದಲ್ಲಿ ಇದು ಚಂದ. ಇಂಗ್ಲಿಷ್ ಆಡುವಾಗ ಆ ಉ ತೆಗೆಯಬೇಕು. ತೆಗೆದ ಕೂಡಲೇ ಇನ್ನೊಂದು ತೊಡಕು ಬರುತ್ತದೆ. ಬ್ಯಾಗ್ ಮತ್ತು ಬ್ಯಾಕ್ ಎರಡೂ ಒಂದೇ ತರ ಕೇಳಿಸುತ್ತವೆ.

ಇಂಗ್ಲಿಷಿನವರು ಇವನ್ನು ಬೇರೆ ಮಾಡುವುದು ಕೊನೆಯ ಗ, ಕ ಗಳಿಂದ ಅಷ್ಟಾಗಿ ಅಲ್ಲ. ಕೊನೆಯ ಗ ಅವರ ಬಾಯಲ್ಲೂ ಸಪ್ಪಗೇ ಇರುತ್ತದೆ. ಗುಟ್ಟು ಅದರ ಹಿಂದಿನ ಸ್ವರದಲ್ಲಿದೆ. ಕೊನೆಗೆ ಬ, ಡ, ಗ ತರದ ದನಿಯುಳ್ಳ ಸದ್ದು ಬರುವುದಾದರೆ ಸ್ವರ ಉದ್ದ. ಪ, ಟ, ಕ ಬರುವುದಾದರೆ ಸ್ವರ ಗಿಡ್ಡ. ಎಷ್ಟು ಉದ್ದ? ಸುಮಾರು ಒಂದೂವರೆ ಪಟ್ಟು.

ಈ ಲೆಕ್ಕ ಕೇಳಿದಾಗ ನನಗೆ ನಮ್ಮ ಛಂದಸ್ಸಿನ ಪಾಠ ನೆನಪಾಯಿತು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು. ದೀರ್ಘದ ಒಂದೂವರೆ ಪಟ್ಟು ಅಂದರೆ ಪ್ಲುತ! ದೂರದಲ್ಲಿರುವ ತಮ್ಮನನ್ನು ‘ತಮ್ಮಾಽ’ ಅಂತ ಎಳೆದು ಕರೆಯುತ್ತೇವಲ್ಲ, ಅದೇ. ಹಾಗಾದರೆ ಬ್ಯಾಕ್ ದೀರ್ಘ, ಎರಡು ಮಾತ್ರೆ. ಬ್ಯಾಽಗ್ ಪ್ಲುತ, ಮೂರು ಮಾತ್ರೆ. ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಹೇಳಿ. ಬ್ಯಾಕ್‌ಗೆ ಎರಡು ತಟ್ಟು, ಬ್ಯಾಽಗ್‌ಗೆ ಮೂರು. ಆಮೇಲೆ ಟೋಪಿಯ ಕ್ಯಾಪ್, ಬಾಡಿಗೆಯ ಕ್ಯಾಽಬ್. ಕೂರುವ ಸೀಟ್, ಬೀಜದ ಸೀಽಡ್. ಹೊಡೆತದ ಬೀಟ್, ಮಣಿಯ ಬೀಽಡ್. ಕೊನೆಯ ಅಕ್ಷರವನ್ನು ಜೋರು ಮಾಡಬೇಡಿ. ಜೋರು ಮಾಡಿದರೆ ಉ ಮತ್ತೆ ಬಂದು ಕೂರುತ್ತದೆ.

ಇದು ಬಂದಿದೆಯೇ ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ಗೆಳೆಯರ ಕಿವಿಯಲ್ಲಿ ಬ್ಯಾಕ್ ಅಥವಾ ಬ್ಯಾಗ್, ಯಾವುದಾದರೂ ಒಂದನ್ನು ಪಿಸುಗುಟ್ಟಿ. ಪಿಸುಮಾತಿನಲ್ಲಿ ಗಂಟಲ ದನಿ ಪೂರ್ತಿ ಬಂದ್ ಆಗಿರುತ್ತದೆ. ಆದರೂ ಯಾವುದು ಅಂತ ಅವರು ಸರಿಯಾಗಿ ಹೇಳಿದರೆ ನಿಮ್ಮ ಸ್ವರದ ಅಳತೆ ಸರಿ ಇದೆ ಅಂತ ಅರ್ಥ. ನನ್ನ ಹುಡುಗರು ಹುಬ್ಬಳ್ಳಿಗೆ ಹೋಗುವಾಗ ಚಿಗರಿ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಇದನ್ನೇ ಆಡುತ್ತಾರೆ. ಯಾರಿಗೂ ತೊಂದರೆ ಇಲ್ಲ.

ಐದನೇ ಹೆಜ್ಜೆ: ಹಾವಿನ ಸದ್ದು, ದುಂಬಿಯ ಸದ್ದು

ಗಂಟಲಿನ ಗಂಟಿನ ಮೇಲೆ ಎರಡು ಬೆರಳು ಇಡಿ. ಹಾವಿನಂತೆ ‘ಸ್ಸ್ಸ್’ ಅನ್ನಿ. ಬೆರಳಿಗೆ ಏನೂ ತಿಳಿಯುವುದಿಲ್ಲ. ನಾಲಗೆ ಅಲ್ಲಾಡಿಸದೆ, ಹಾಗೇ ಇಟ್ಟುಕೊಂಡು, ಗಂಟಲು ಗುಂಯ್ ಅನ್ನಿಸಿ. ದುಂಬಿ ಬಂದಂತೆ ‘ಜ಼್ಜ಼್ಜ಼್’ ಆಗುತ್ತದೆ, ಬೆರಳಿಗೆ ನಡುಕ ತಿಳಿಯುತ್ತದೆ. ನಮ್ಮ ಜ ಇದಲ್ಲ. ಜ ಕ್ಕೆ ನಾಲಗೆ ಅಂಗುಳಕ್ಕೆ ಅಂಟಿ ಬಿಡುತ್ತದೆ, ಇದಕ್ಕೆ ಎಲ್ಲೂ ಅಂಟುವುದಿಲ್ಲ. ಅಂಟಿತೋ ಇಲ್ಲವೋ ನೋಡಲು ಎಳೆದು ನೋಡಿ. ಜ಼್ ಅನ್ನು ಉಸಿರು ಇರುವಷ್ಟು ಹೊತ್ತು ಎಳೆಯಬಹುದು, ಜ್ ಅನ್ನು ಎಳೆಯಲು ಬರುವುದಿಲ್ಲ. ಉರ್ದು ಮನೆಮಾತಿನ ಗೆಳೆಯರು ಹುಬ್ಬಳ್ಳಿ ಧಾರವಾಡದಲ್ಲಿ ಯಾರಿಗಿಲ್ಲ? ಅವರ ಬಾಯಲ್ಲಿ ‘ಜ಼ರಾ’, ‘ಹಜ಼ಾರ್’ ಕೇಳಿ ಕಲಿಯಿರಿ. ಇದಕ್ಕಿಂತ ಒಳ್ಳೆಯ ಗುರು ಸಿಗುವುದಿಲ್ಲ.

ಇಂಗ್ಲಿಷಿನಲ್ಲಿ ಎಸ್ ಬರೆದು ಜ಼್ ಓದುವುದು ಭಾಳ. ಇಸ್, ವಾಸ್, ಹಿಸ್ ಅಲ್ಲ: ಇಜ಼್, ವಾಜ಼್, ಹಿಜ಼್. ಪ್ಲೀಜ಼್. ಬಿಕಾಜ಼್. ನೀರ್ಗಲ್ಲಿಗೆ ಐಸ್, ಕಣ್ಣುಗಳಿಗೆ ಐಽಜ಼್. ಬೆಲೆಗೆ ಪ್ರೈಸ್, ಬಹುಮಾನಕ್ಕೆ ಪ್ರೈಽಜ಼್. ಹಿಂದಿನ ಹೆಜ್ಜೆಯ ಅಳತೆ ಇಲ್ಲೂ ಲಾಗೂ ಆಗುತ್ತದೆ, ಜ಼್ ಹಿಂದೆ ಸ್ವರ ಉದ್ದ.

ಬಹುವಚನದ ಎಸ್ ಮತ್ತು ಭೂತಕಾಲದ ಇ-ಡಿ ಪಕ್ಕದವರನ್ನು ನೋಡಿ ನಡೆಯುತ್ತವೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುತ್ತದೆ, ಕ ಹೋಗಿ ಗ ಬರುತ್ತದೆ. ಆದೇಶ ಸಂಧಿ ಕಲಿತವರಿಗೆ ಸದ್ದು ಬದಲಾಗುವುದು ಹೊಸತಲ್ಲ. ಇಂಗ್ಲಿಷಿನಲ್ಲಿ ಪಕ್ಕದ ಸದ್ದಿಗೆ ದನಿ ಇಲ್ಲದಿದ್ದರೆ ಸ್ ಮತ್ತು ಟ್: ಕ್ಯಾಟ್ಸ್, ಬುಕ್ಸ್, ವರ್ಕ್ಟ್, ಹೆಲ್ಪ್ಟ್. ದನಿ ಇದ್ದರೆ ಜ಼್ ಮತ್ತು ಡ್: ಡಾಗ್ಜ಼್, ಬ್ಯಾಗ್ಜ಼್, ಪ್ಲೇಡ್, ಕಾಲ್ಡ್. ಟಿ, ಡಿ ಮುಗಿದ ಕ್ರಿಯಾಪದಕ್ಕೆ ಮಾತ್ರ ಇಡ್: ವಾಂಟಿಡ್, ನೀಡಿಡ್. ‘ವರ್ಕೆಡ್’, ‘ಆಸ್ಕೆಡ್’ ಅಂತ ಬಿಡಿಸಿ ಓದುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಇಂಟರ್‌ವ್ಯೂದಲ್ಲಿ ನಿಮ್ಮ ಹಳೆಯ ಕೆಲಸದ ಬಗ್ಗೆ ಹೇಳುವಾಗ ಪ್ರತಿ ವಾಕ್ಯದಲ್ಲೂ ಇದು ಬರುತ್ತದೆ.

ಫೋನಿನಲ್ಲಿ ಮಾತಾಡುವಾಗ

ಹಳೆಯ ಫೋನ್ ಲೈನುಗಳು 300ರಿಂದ 3,400 ಹರ್ಟ್ಜ್‌ವರೆಗಿನ ಸದ್ದನ್ನಷ್ಟೇ ಸಾಗಿಸುತ್ತಿದ್ದವು. ಈಗಲೂ ಎಷ್ಟೋ ಕರೆಗಳು ಹಾಗೇ ಇವೆ. ಸ್, ಫ್ ತರದ ಸದ್ದುಗಳ ಬಹುಪಾಲು ಅದಕ್ಕಿಂತ ಮೇಲಿರುತ್ತದೆ, ದಾರಿಯಲ್ಲೇ ಕಳೆದುಹೋಗುತ್ತದೆ. ಎದುರಿಗೆ ಕೂತಾಗ ತಿಳಿದ ಮಾತು ಫೋನಿನಲ್ಲಿ ತಿಳಿಯದಿರುವುದು ಅದಕ್ಕೇ. ಹಾಗಾಗಿ ಹೆಸರು, ನಂಬರ್ ಹೇಳುವಾಗ ಅಕ್ಷರಕ್ಕೊಂದು ಪದ ಇಟ್ಟುಕೊಳ್ಳಿ. ವಿಮಾನದವರು ಬಳಸುವ ಪದಗಳು ಎಲ್ಲ ದೇಶದಲ್ಲೂ ನಡೆಯುತ್ತವೆ. ಪಿ ಗೆ ಪಾಪಾ, ಬಿ ಗೆ ಬ್ರಾವೋ, ಟಿ ಗೆ ಟ್ಯಾಂಗೋ, ಡಿ ಗೆ ಡೆಲ್ಟಾ, ಕೆ ಗೆ ಕಿಲೋ, ಜಿ ಗೆ ಗಾಲ್ಫ್. ಈ ಆರು ಬಾಯಿಪಾಠ ಮಾಡಿ.

ಶುರು ಮಾಡುವ ದಿನ ಈ ಹನ್ನೆರಡು ಪದ ಫೋನಿನಲ್ಲಿ ರೆಕಾರ್ಡ್ ಮಾಡಿಡಿ: ಪಿನ್, ಬಿನ್, ಸ್ಪಿನ್, ಟೌನ್, ಡೌನ್, ಕೋಟ್, ಗೋಟ್, ಬ್ಯಾಕ್, ಬ್ಯಾಗ್, ಪ್ರೈಸ್, ಪ್ರೈಜ಼್, ಅಕೌಂಟ್. ಕೊನೆಗೆ ನಿಮ್ಮ ಪೂರ್ತಿ ಹೆಸರು ಸೇರಿಸಿ. ಮೂರು ವಾರ ಅದನ್ನು ತೆರೆಯಬೇಡಿ. ಇಪ್ಪತ್ತೆರಡನೇ ದಿನ ಮತ್ತೆ ರೆಕಾರ್ಡ್ ಮಾಡಿ, ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಆ ಹುಡುಗ ಹಾಗೆ ಮಾಡಿದ ದಿನ ನಾನು ಪಕ್ಕದಲ್ಲೇ ಇದ್ದೆ. ತನ್ನ ಅಡ್ಡಹೆಸರನ್ನು ಮೂರು ಸಲ ಹಿಂದೆ ಮುಂದೆ ಮಾಡಿ ಕೇಳಿದ. ಆಮೇಲೆ ಕಾಗದದ ಚೂರು ತೆಗೆದು ತುಟಿ ಮುಂದೆ ಹಿಡಿದು ಮತ್ತೊಮ್ಮೆ ‘ಪ್ಹಾಟೀಲ’ ಅಂದ. ಕಾಗದ ನನ್ನ ಕಡೆ ಹಾರಿತು.

“ಖರೇನ ಬಂತಲ್ರೀ ಮೇಡಂ” ಅಂದ.